ಎದುರಿನವರ ಮಾತನ್ನು ಮೊದಲು ಬರೆಯಿರಿ

ಪ್ರಬಂಧ ಬರೆಯುವುದನ್ನು ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆ ಕೆಲಸಕ್ಕೆ ನಾನು ಸೇರಿದಾಗ ನನಗೇ ಪ್ರಬಂಧ ಬರೆಯಲು ಬರುತ್ತಿರಲಿಲ್ಲ. ಬರುವುದಿಲ್ಲ ಎಂಬುದೂ ಗೊತ್ತಿರಲಿಲ್ಲ. ಎರಡನೆಯದೇ ಹೆಚ್ಚು ಅಪಾಯದ್ದು.

ಕುಂದಾಪುರದ ಹೆದ್ದಾರಿ ಬದಿಯ ಕಾಲೇಜೊಂದರ ಸಮಾಜಶಾಸ್ತ್ರ ವಿಭಾಗಕ್ಕೆ ಸೇರಿದ್ದು 1997ರಲ್ಲಿ. ಆಗಲೇ ನಲವತ್ತು ಹತ್ತಿರವಾಗಿತ್ತು. ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಶುರುಮಾಡಿ, ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಟ್ಟು ಬಂದವನು ನಾನು. ಅಲ್ಲಿಂದ ತಂದದ್ದು ಒಂದೇ ಪ್ರಶ್ನೆ: "ಆಧಾರ ಏನು?" ಅದನ್ನು ಯಾರಿಗೆ ಬೇಕಾದರೂ ಕೇಳುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಮಳೆ ಬರುವ ಹಾಗಿದೆ ಎಂದರೂ ಕೇಳುತ್ತಿದ್ದೆ. ನನ್ನನ್ನು ಕಂಡರೆ ಸಹೋದ್ಯೋಗಿಗಳು ಮಾತು ನಿಲ್ಲಿಸುತ್ತಿದ್ದರು. ಅದನ್ನು ಗೌರವ ಎಂದುಕೊಂಡಿದ್ದೆ.

ಮೊದಲ ವರ್ಷ ಅಂತಿಮ ಬಿ.ಎ. ತರಗತಿಗೆ 'ಗ್ರಾಮ ಸಮುದಾಯದ ಬದಲಾವಣೆ' ಎಂಬ ವಿಷಯ ಕೊಟ್ಟು ಪ್ರಬಂಧ ಬರೆಸಿದೆ. ಬಂದ ಕಟ್ಟಿನಲ್ಲಿ ಹೆಚ್ಚಿನವೆಲ್ಲ "ಭಾರತವು ಹಳ್ಳಿಗಳ ದೇಶವಾಗಿದೆ" ಎಂದು ಶುರುವಾಗಿ "ಒಟ್ಟಿನಲ್ಲಿ ಹೇಳುವುದಾದರೆ" ಎಂದು ಮುಗಿದಿದ್ದವು. ನಡುವೆ ಇದ್ದದ್ದು ಗೈಡಿನಿಂದ ಎತ್ತಿದ್ದು. ಮರುದಿನ ಅವನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದೆ, ಧ್ವನಿ ಬದಲಿಸಿ, ಅಣಕಿಸಿ. ತರಗತಿ ನಕ್ಕಿತು. ಕೊಕ್ಕರ್ಣೆ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗನ ಪ್ರಬಂಧವನ್ನು ಎರಡು ಸಲ ಓದಿದೆ, ಏಕೆಂದರೆ ಅದಕ್ಕೆ ಹೆಚ್ಚು ನಗೆ ಸಿಕ್ಕಿತ್ತು. ಅವನೂ ನಕ್ಕ. ಅವನು ನಕ್ಕದ್ದು ಈಗ ನೆನಪಾದರೆ ಕೂತಲ್ಲಿ ಕೂರಲಾಗುವುದಿಲ್ಲ.

ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದವರು ಐತಾಳ್ ಸರ್, ನಮ್ಮ ವಿಭಾಗದ ಮುಖ್ಯಸ್ಥರು. ಕೋಟದವರು. ಪಂಚೆ ಉಟ್ಟು ಕಾಲೇಜಿಗೆ ಬರುತ್ತಿದ್ದ ಕೊನೆಯ ಕೆಲವರಲ್ಲಿ ಒಬ್ಬರು. ಗಂಟೆ ಹೊಡೆದ ಮೇಲೆ ವರಾಂಡದಲ್ಲಿ ಹಿಡಿದರು.

"ಹ್ವಾಯ್, ಎಂತ ಅಷ್ಟ್ ನೆಗಿ? ಕ್ಲಾಸಿಗೆ ಹಾಸ್ಯಗಾರ್ ಬಂದಿದ್ರಾ?"

"ಪ್ರಬಂಧ ಓದಿದೆ ಸರ್. ಎಲ್ಲರದ್ದೂ ಒಂದೇ ಮೊದಲ ವಾಕ್ಯ."

"ಹೌದಾ? ಹಂಗಾರೆ ನೀವ್ ಬರ್ದದ್ ಒಂದ್ ಕೊಡಿ ಕಾಂಬ. ಮಕ್ಳಿಗ್ ತೋರ್ಸುವ, ಪ್ರಬಂಧ ಅಂದ್ರೆ ಹ್ಯಾಂಗ್ ಇರತ್ತ್ ಅಂತ."

ಎಂ.ಎ. ಓದುವಾಗ ಬರೆದ, ನನ್ನ ಪ್ರಾಧ್ಯಾಪಕರು ಮೆಚ್ಚಿದ್ದ ಪ್ರಬಂಧವನ್ನೇ ತಂದುಕೊಟ್ಟೆ. ಎರಡು ದಿನ ಬಿಟ್ಟು ಅವರು ಅದನ್ನು ಮೇಜಿನ ಮೇಲಿಟ್ಟರು.

"ಇದ್ರಲ್ಲ್ ನೀವ್ ಹೇಳೂಕ್ ಹೊರಟದ್ದ್ ಎಂತ? ಅದ್ ಯಾವ್ ಪುಟದಗೆ ಇತ್ತ್? ನಾನ್ ಹುಡ್ಕಿ ಹುಡ್ಕಿ ಸೋತೆ ಮಾರಾಯ್ರೆ."

ನಾನೂ ಹುಡುಕಿದೆ. ಇರಲಿಲ್ಲ. ಬೇರೆ ಬೇರೆ ವಿದ್ವಾಂಸರು ಏನೆಂದರು ಎಂಬುದಿತ್ತು, ಪರಿಭಾಷೆ ಬೇಕಾದಷ್ಟಿತ್ತು. ಮೊದಲ ವಾಕ್ಯ "ಮಾನವ ಸಮಾಜದ ಉಗಮ ಕಾಲದಿಂದಲೂ" ಎಂದಿತ್ತು. ನಾನು ಅಣಕಿಸಿದ ಮಕ್ಕಳ ವಾಕ್ಯವೇ, ಇಸ್ತ್ರಿ ಹಾಕಿದ್ದು ಮಾತ್ರ.

ಐತಾಳರು ಆ ಪ್ರಬಂಧವನ್ನು ಮಕ್ಕಳಿಗೆ ತೋರಿಸಲಿಲ್ಲ. ಬೇರೆ ಯಾರಿಗೂ ಹೇಳಲಿಲ್ಲ. ಒಂದೇ ಒಂದು ವಿಧಾನ ಹೇಳಿಕೊಟ್ಟರು. "ಬಸ್ ಸ್ಟಾಪಗೆ ನಿಂತಿದ್ರಿ ಅಂತ ಮಾಡ್ಕಣಿ. ನೀವ್ ಬರೂಕ್ ಹೊರಟದ್ದನ್ನ ಬಸ್ ಬಪ್ಪುಕ್ ಮೊದ್ಲ್ ಪಕ್ಕದವ್ರಿಗ್ ಹೇಳಿ ಆಯ್ಕ್. ಅವ್ರ್ 'ಹಂಗಲ್ಲ' ಅಂಬುಕೂ ಜಾಗ ಇರ್ಕ್. 'ಹಂಗಲ್ಲ' ಅಂತ ಯಾರೂ ಹೇಳೂಕಾಗ್ದಿದ್ ಮಾತಿಗೆ ಪ್ರಬಂಧ ಎಂತಕೆ?"

ಈ ಮಾತನ್ನು ಅವರು ಆ ದಿನವೇ ಹೇಳಿದರೋ, ಮುಂದೆ ಎಂದಾದರೂ ಹೇಳಿದ್ದನ್ನು ನಾನು ಆ ದಿನಕ್ಕೆ ತಂದು ಜೋಡಿಸಿದ್ದೇನೋ ಖಚಿತವಿಲ್ಲ. ನನ್ನ ನೆನಪಿಗೆ ಇಂಥ ಜೋಡಣೆಯ ಕೆಟ್ಟ ಅಭ್ಯಾಸವಿದೆ. ಅದರ ಫಲ ಏನಾಯಿತು ಎಂಬುದು ಮುಂದೆ ಬರುತ್ತದೆ.

ಐತಾಳರು ಹೇಳಿದಂತೆ ಮಕ್ಕಳಿಂದ, ಬಸ್ ಬರುವ ಮೊದಲು ಹೇಳಿ ಮುಗಿಸಬೇಕಾದ ಒಂದು ಸಾಲಿನ ವಾದ ಹೇಳಿಸುವುದನ್ನು ರೂಢಿಸಿದೆ. ಆದರೆ ಆ ವಾದಕ್ಕೆ ಎದುರಾಗಿ ಯಾರು ಏನು ಹೇಳಬಹುದು ಎಂದು ಕೇಳಿದರೆ ಪುಸ್ತಕ ತಿರುವುತ್ತಿದ್ದರು. ಪುಸ್ತಕದಲ್ಲಿದ್ದದ್ದಕ್ಕೆ ಎದುರು ಯಾರು ಮಾತಾಡುತ್ತಾರೆ? ಆ ವರ್ಷ ಕೋಟದಲ್ಲಿ ಒಂದು ತಾಳಮದ್ದಳೆಗೆ ಹೋಗಿದ್ದೆ. ವೇಷವಿಲ್ಲ, ಕುಣಿತವಿಲ್ಲ. ಇಬ್ಬರು ಅರ್ಥಧಾರಿಗಳು ಎದುರುಬದುರು ಕೂತು ಮಾತಿನಲ್ಲೇ ಸೆಣಸುವುದು. ಅವರಲ್ಲಿ ಹಿರಿಯರೊಬ್ಬರು ಉತ್ತರ ಕೊಡುವ ಮೊದಲು ಎದುರಿನವರು ಹೇಳಿದ್ದನ್ನು ತಾವೇ ಒಮ್ಮೆ, ಇನ್ನೂ ಚಂದ ಮಾಡಿ, ಹೇಳುತ್ತಿದ್ದರು. ಎದುರಿನವರು ತಲೆಯಾಡಿಸಿದ ಮೇಲೆಯೇ ಉತ್ತರ. ಇದಲ್ಲವೇ ನನಗೆ ಬೇಕಾದದ್ದು ಎನ್ನಿಸಿತು.

ಮಾರನೇ ವಾರದಿಂದ ತರಗತಿಯಲ್ಲಿ ಎರಡು ಬೆಂಚು ಎದುರುಬದುರು ಹಾಕಿಸಿದೆ. ಎದುರಿನವರ ಮಾತನ್ನು ಅವರು ಒಪ್ಪುವ ಹಾಗೆ ಹೇಳದೆ ಉತ್ತರ ಕೊಡಬಾರದು ಎಂಬ ನಿಯಮ. ಅದುವರೆಗೆ ಹಾಜರಿಗೆ ಮಾತ್ರ ಬಾಯಿ ತೆರೆಯುತ್ತಿದ್ದ ಹುಡುಗಿಯರು ಗಂಟೆ ಹೊಡೆದರೂ ಏಳುತ್ತಿರಲಿಲ್ಲ. ದೊಡ್ಡ ವಿಧಾನ ಕಂಡುಹಿಡಿದೆ ಎಂದು ನಾನು ಬೀಗುತ್ತಿದ್ದೆ.

ವರ್ಷದ ಕೊನೆಗೆ ಮೌಲ್ಯಮಾಪನ ಕೇಂದ್ರದಲ್ಲಿ ಉದ್ದ ಮೇಜಿನ ಸುತ್ತ ನಾವು ಬೇರೆ ಬೇರೆ ಕಾಲೇಜಿನವರು ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆವು. ಎದುರಿಗಿದ್ದವರೊಬ್ಬರು ಒಮ್ಮೆಲೇ ಜೋರಾಗಿ ನಕ್ಕರು.

"ಯಾವ್ ಕಾಲೇಜ್ ಮಾರಾಯ್ರೆ ಇದ್? ಕೇಣಿ ಇಲ್ಲಿ: 'ಎಲೈ ಮಿತ್ರನೇ, ಕೂಡುಕುಟುಂಬವು ಅಳಿಯಿತೆಂದು ನೀನು ನುಡಿದೆಯಲ್ಲವೇ? ಹಾಗಾದರೆ ಕೇಳು!' ಚಂಡೆ ಒಂದ್ ಬಾಕಿ."

"ನನ್ ಕಟ್ಟಗೂ ಇತ್ತ್ ಕಾಣಿ," ಎಂದರು ಇನ್ನೊಬ್ಬರು. "ಕೊನಿಗೆ ಮಂಗಳವೂ ಹಾಡಿದ್ರ್."

ಮೇಜಿನ ಸುತ್ತ ಎಲ್ಲರೂ ನಕ್ಕರು. ನಾನೂ ನಕ್ಕೆ. ಇದು ನನ್ನ ಪಾಠ, ಮಾತಾಡುವುದು ಬೇರೆ ಬರೆಯುವುದು ಬೇರೆ ಎಂದು ಹೇಳಿಕೊಡಲು ಮರೆತವನು ನಾನು, ಸ್ವಲ್ಪ ನೋಡಿ ಅಂಕ ಕೊಡಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಆ ವರ್ಷ ನಮ್ಮ ಮಕ್ಕಳ ಅಂಕ ಕುಸಿಯಿತು. "ಪ್ರಶ್ನೆಪತ್ರಿಕೆ ಕಷ್ಟ ಇತ್ತು" ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು.

ಅದಾದ ಮೇಲೆ ತಿದ್ದಿಕೊಂಡೆ. ಮಾತಾಡುವಾಗ ಅರ್ಥಧಾರಿ, ಬರೆಯುವಾಗ ಸಂಬೋಧನೆ ಇಲ್ಲದ ವಾಕ್ಯ. 'ಹೀಗೂ ವಾದಿಸಬಹುದು' ಎಂದು ಶುರುಮಾಡಿ, ಆ ವಾದವನ್ನು ನಿಯತ್ತಿನಿಂದ ಬರೆದು, ಆಮೇಲೆ ಉತ್ತರ. ಇದು ಚೆನ್ನಾಗಿ ನಡೆಯಿತು. ಆದರೆ ಇದರೊಳಗೇ ಇನ್ನೊಂದು ತಪ್ಪು ಕೂತಿತ್ತು. ಅದನ್ನು ತೋರಿಸಿದವಳು ಉಪ್ಪುಂದದ ಜಲಜಾ.

ಆ ಹೊತ್ತಿಗೆ ಅಂತಿಮ ವರ್ಷದವರು ಒಂದು ಕಿರು ಸಂಪ್ರಬಂಧ ಬರೆದು, ಹೊರಗಿನ ಪರೀಕ್ಷಕರ ಮುಂದೆ ಮೌಖಿಕ ಪರೀಕ್ಷೆ ಕೊಡಬೇಕಿತ್ತು. ಜಲಜಾಳಿಗೆ ಆ ಅಂಕ ಬಹಳ ಮುಖ್ಯವಾಗಿತ್ತು. ಎಂ.ಎ. ಸೀಟು ಅಂಕದ ಮೇಲೆ ಸಿಕ್ಕಿದರೆ ಹಾಸ್ಟೆಲಿಗೆ ಕಳಿಸುತ್ತೇನೆ, ಇಲ್ಲದಿದ್ದರೆ ಬೈಂದೂರಿನಲ್ಲಿ ಮಾವನ ಜವಳಿ ಅಂಗಡಿಯಲ್ಲಿ ಕೂರಬೇಕು ಎಂದು ಅವಳ ಅಪ್ಪ ಹೇಳಿಬಿಟ್ಟಿದ್ದರು. ಅವಳು ಅದನ್ನು ಮೊದಲ ದಿನವೇ ನನಗೆ ಹೇಳಿದ್ದಳು.

ನಾನು ಆಗಷ್ಟೇ ಬ್ರಹ್ಮಾವರದ ವಿಚಾರಸಂಕಿರಣವೊಂದರಲ್ಲಿ ಪ್ರಬಂಧ ಓದಿ ಬಂದಿದ್ದೆ. ಬೈಂದೂರು ಕಡೆಯ ಹುಡುಗರು ಮುಂಬಯಿಯ ಹೋಟೆಲುಗಳಿಗೆ ಹೋದದ್ದರಿಂದ ಅವರ ಓದು ಅಲ್ಲಿಗೇ ನಿಂತಿತು ಎಂಬುದು ನನ್ನ ವಾದ. ಜನ ಮೆಚ್ಚಿದ್ದರು. ನಾನು ಬರೆದದ್ದರಲ್ಲಿ ವಾದ ಎಂಬುದೊಂದು ಕಣ್ಣಿಗೆ ಕಾಣುವ ಹಾಗಿದ್ದ ಮೊದಲ ಪ್ರಬಂಧ ಅದು. ಜಲಜಾಳಿಗೆ ಅದನ್ನೇ ಕೊಟ್ಟು, "ಇದನ್ನು ಓದು. ನಿನ್ನ ಊರಿನ ಉದಾಹರಣೆ ಸೇರಿಸಿ ಬೆಳೆಸು" ಎಂದೆ. ನಮ್ಮ ಕಡೆ ಮಾರ್ಗದರ್ಶನ ಎಂದರೆ ಆಗ ಅದೇ ಆಗಿತ್ತು. ಗುರುಗಳ ಮರಕ್ಕೆ ಶಿಷ್ಯರು ಎಲೆ ಅಂಟಿಸುವುದು.

ಮುಂಬಯಿಯಲ್ಲಿರುವವರು ಮೇ ತಿಂಗಳಲ್ಲಿ ಊರಿಗೆ ಬರುತ್ತಾರೆ. ಅವರನ್ನೆಲ್ಲ ಮಾತಾಡಿಸಿ ರಜೆ ಮುಗಿದ ಮೇಲೆ ಅವಳು ಬಂದಳು. ಮುಖ ಸಪ್ಪೆಯಾಗಿತ್ತು.

"ಸರ್, ನಮ್ಮಣ್ಣ ಎಸ್ಸೆಲ್ಸಿ ಪಾಸ್ ಆದ್ದ್ ಮುಂಬಯಲ್ಲಿ. ಹಗಲ್ ಕ್ಯಾಂಟೀನ್ ಕೆಲ್ಸ, ಸಂಜಿ ಮೇಲೆ ರಾತ್ರಿ ಶಾಲೆ."

"ನಿನ್ನಣ್ಣ ಒಬ್ಬ. ಒಬ್ಬನಿಂದ ವಾದ ಆಗುವುದಿಲ್ಲ."

"ಒಬ್ನೇ ಅಲ್ಲ ಸರ್. ನಮ್ಮ್ ಕೇರಿಯಿಂದ ಸಂಬಂಧಿಕ್ರ ಹೋಟ್ಲಿಗೆ ಹೋದವ್ರಲ್ಲಿ ಸುಮಾರ್ ಜನ ಅಲ್ಲೇ ಓದಿದ್ರ್. ಗುರ್ತ್ ಇಲ್ದಿದ್ ಕಡೆಗ್ ಹೋದವ್ರಿಗೆ ಮಾತ್ರ ಓದ್ ತಪ್ದ್. ಊರಗೇ ಉಳ್ದವ್ರೂ ಏಳನೆಗೆ ಬಿಟ್ಟಿದ್ರ್. ಹೋಟ್ಲಿಗ್ ಹೋದ್ದಕ್ಕೇ ಓದ್ ನಿಂತ್ತ್ ಅಂಬುದ್ ಹ್ಯಾಂಗೆ?"

ಇದು ನನ್ನ ವಾದಕ್ಕಿಂತ ಒಳ್ಳೆಯ ವಾದ ಎಂದು ಕೇಳಿದ ಕೂಡಲೇ ಗೊತ್ತಾಯಿತು. ಹೋದದ್ದರಿಂದಲ್ಲ, ಯಾರ ಜೊತೆ ಹೋದರು ಎಂಬುದರಿಂದ. ಬಸ್ ಬರುವ ಮೊದಲು ಹೇಳಿ ಮುಗಿಸಬಹುದಾದಷ್ಟು ಚಿಕ್ಕದು. "ಅದನ್ನು ಅಡಿಟಿಪ್ಪಣಿಯಲ್ಲಿ ಹಾಕು. ತೀರ್ಮಾನ ಹಾಗೇ ಇರಲಿ. ವಿಶ್ವವಿದ್ಯಾಲಯಕ್ಕೆ ಸಾರಾಂಶ ಆಗಲೇ ಕೊಟ್ಟಾಗಿದೆ" ಎಂದೆ.

ಅವಳು ಹೋಗಲು ತಿರುಗಿದವಳು ಮತ್ತೆ ಬಂದಳು.

"ಸರ್, ಬೇಜಾರ್ ಮಾಡ್ಕಂಬ್ಯಾಡಿ. ತಾಳಮದ್ದಳೆಯಲ್ಲಿ ಯಾರ್ ಗೆಲ್ಲುದ್ ಅಂತ ಪ್ರಸಂಗದಗೆ ಮೊದ್ಲೇ ಬರ್ದಿರತ್ತ್. ಸೋಲ್ಕ್ ಅಂತ ಇದ್ದವ ಎಷ್ಟ್ ಚಂದ ಮಾತಾಡ್ರೂ ಸೋಲ್ಕ್. ಪ್ರಬಂಧವೂ ಹಂಗೆಯಾ?"

ನಾನು ಬೈದೆ. ಏನೆಂದು ಬೈದೆ ಎಂಬುದು ನೆನಪಿಲ್ಲ. ನೆನಪಿಲ್ಲದಿರುವುದು ನನಗೆ ಅನುಕೂಲವಾದದ್ದರಿಂದ ಅದರ ಮೇಲೂ ನನಗೆ ಸಂಶಯವಿದೆ.

ಸುದ್ದಿ ಐತಾಳರಿಗೆ ಮುಟ್ಟಿತು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಾ ಕೇಳಿದರು:

"ನಿಮ್ಮ್ ಬ್ರಹ್ಮಾವರದ ಪ್ರಬಂಧಕ್ ಯಾರನ್ ಕೇಂಡಿದ್ರಿ?"

"ಆ ಕಡೆಯ ಹೆಡ್ಮಾಸ್ಟರರನ್ನ."

"ಹುಡ್ಗ ಶಾಲೆ ಬಿಟ್ ಹೋದ್ದ್ ಹೆಡ್ಮಾಸ್ಟ್ರಿಗ್ ಗೊತ್ತ್. ಹೋದಲ್ಲಿ ಎಂತ ಮಾಡ್ದ ಅಂಬುದ್ ಅವ್ರಿಗ್ ಹ್ಯಾಂಗ್ ಗೊತ್ತಾಪುದ್? ಹೋದವ್ರನ್ನೇ ಕೇಂಬುಕ್ ಎಂತ ತೊಂದ್ರಿ ಆಯಿತ್ತ್?"

ಸ್ಟಾಫ್ ರೂಮಿನಲ್ಲಿ ಎಲ್ಲರೂ ಇದ್ದರು. ಊರಿಗೆಲ್ಲ ಆಧಾರ ಕೇಳುತ್ತಾ ತಿರುಗಿದ ನಾನು ನನ್ನ ಪ್ರಬಂಧಕ್ಕೆ ಆಧಾರ ಹುಡುಕಿದ್ದು ಕುರ್ಚಿ ಹಾಕಿ ಟೀ ಕೊಡುವವರ ಹತ್ತಿರ ಮಾತ್ರ. ಹೊಸಬರು ಇದನ್ನು ನೆನಪಿಟ್ಟುಕೊಳ್ಳಬೇಕು. ಸುಲಭಕ್ಕೆ ಸಿಗುವ ಸಾಕ್ಷಿ ನಿಮ್ಮ ವಾದಕ್ಕೆ ಒಗ್ಗುವಂಥದ್ದೇ ಆಗಿದ್ದರೆ ಇನ್ನೊಂದು ಬಾಗಿಲು ತಟ್ಟಿ.

ಜಲಜಾ ಹೊಸದಾಗಿ ಬರೆದು ತಂದಳು. ನನ್ನ ವಾದಕ್ಕೆ ಉತ್ತರ ಕೊಡಬೇಕಾದ ಭಾಗದಲ್ಲಿ ಹೀಗಿತ್ತು: "ಪೂಜ್ಯ ಗುರುಗಳು ಈ ವಿಷಯದಲ್ಲಿ ಅಮೂಲ್ಯವಾದ ಅಭಿಪ್ರಾಯವನ್ನು ದಯಪಾಲಿಸಿರುತ್ತಾರೆ. ಅವರಿಗೆ ವಂದಿಸುತ್ತಾ ಇನ್ನೊಂದು ಸಣ್ಣ ವಿಚಾರವನ್ನು ಅರಿಕೆ ಮಾಡಿಕೊಳ್ಳುತ್ತೇನೆ." ಆಮೇಲೆ ಬಂದದ್ದು ಅವಳ ಇಡೀ ವಾದ. ಓದಿದವರಿಗೆ ಅಲ್ಲಿ ಭಿನ್ನಾಭಿಪ್ರಾಯ ಇದೆ ಎಂದೇ ತಿಳಿಯುತ್ತಿರಲಿಲ್ಲ. ನಮ್ಮ ಮಕ್ಕಳು ಹಿರಿಯರ ತಪ್ಪನ್ನು ತೋರಿಸುವುದು ಹೀಗೇ, ಕೈಮುಗಿದು, ಪಕ್ಕಕ್ಕೆ ಸರಿದು. ಅದನ್ನು ತಿದ್ದುವುದು ನನ್ನ ಕೆಲಸ. ನನಗೆ ಆ ವಾಕ್ಯ ಹಿತವಾಗಿತ್ತು. ಬಿಟ್ಟೆ.

ತಿದ್ದಿದವರು ಐತಾಳರು. ಅವಳನ್ನು ಕರೆದು ಹೇಳಿದರು: "ಹೆಣೆ, ಇದ್ ಪ್ರಬಂಧವಾ, ಅರ್ಜಿಯಾ? ನಮಸ್ಕಾರ ಎಲ್ಲ ಮುನ್ನುಡಿಯಗೆ ಮಾಡ್. ಇಲ್ಲಿ ಸರ್ ಹೇಳಿದ್ದನ್ನ ಸರಿಗ್ ಬರಿ. ಸರಿಗೇ ಬರ್ದಿದ್ಲ್ ಅಂತ ಅವ್ರೇ ಒಪ್ಕ್. ಆಮೇಲೆ ಅದ್ ಎಲ್ಲಿ ನಿಲ್ಲುದಿಲ್ಲೆ ಅಂಬುದನ್ನ ಬರಿ. ಬೈಬ್ಯಾಡ, ಬಗ್ಗಲೂಬ್ಯಾಡ."

ಮೂರನೇ ಸಲ ಅವಳು ತಂದದ್ದರಲ್ಲಿ ನನ್ನ ವಾದ ನನಗಿಂತ ಸ್ಪಷ್ಟವಾಗಿ ಒಂದು ಪುಟದಲ್ಲಿತ್ತು. ಓದುತ್ತಾ ಖುಷಿಯಾಯಿತು. ಮುಂದಿನ ಪುಟದಲ್ಲಿ ಅದು ನಿಲ್ಲಲಿಲ್ಲ.

ಮಾರ್ಗದರ್ಶಕರ ಸಹಿ ಇಲ್ಲದೆ ಸಂಪ್ರಬಂಧ ಸಲ್ಲಿಸುವ ಹಾಗಿರಲಿಲ್ಲ. ನಾನು ಸಹಿ ಹಾಕಲಿಲ್ಲ. ಹಾಕುವುದಿಲ್ಲ ಎಂದೂ ಹೇಳಲಿಲ್ಲ. ಪರಾಮರ್ಶನ ಗ್ರಂಥಗಳ ಕ್ರಮ ಸರಿಯಿಲ್ಲ ಎಂದೆ. ಶೀರ್ಷಿಕೆ ಉದ್ದವಾಯಿತು ಎಂದೆ. ಅವಳು ಪ್ರತಿ ಸಲ ಕುಂದಾಪುರದ ಟೈಪಿಂಗ್ ಅಂಗಡಿಗೆ ಹೋಗಿ ಆ ಪುಟಗಳನ್ನು ಮತ್ತೆ ಮಾಡಿಸಿಕೊಂಡು ಬರುತ್ತಿದ್ದಳು. ಕೊನೆಯ ದಿನ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಅವಳ ಜೊತೆ ಅವಳ ಅಪ್ಪಯ್ಯ ಬಂದರು. ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಸರ್, ನಮ್ಮ್ ಹುಡ್ಗಿ ಎಂತಾರೂ ತಪ್ಪ್ ಮಾಡಿದ್ಲಾ?"

"ಇಲ್ಲ."

"ತಪ್ಪ್ ಮಾಡಿದ್ರೆ ಹೇಳಿ. ನಾನೇ ಕರ್ಕಂಡ್ ಹೋತೆ. ಓದ್ ಸಾಕ್."

ಜಲಜಾ ನೆಲ ನೋಡುತ್ತಿದ್ದಳು. ನಾನು ಪೆನ್ನು ತೆಗೆದೆ. ಸಹಿ ಹಾಕಿದೆ. ಅವರು "ದೊಡ್ಡ್ ಉಪ್ಕಾರ ಆಯ್ತ್ ಸರ್" ಎಂದು ಕೈಮುಗಿದರು. ನನ್ನ ವೃತ್ತಿಯಲ್ಲಿ ಯಾರೂ ನನ್ನನ್ನು ಅಷ್ಟು ದೊಡ್ಡದಾಗಿ ಅವಮಾನಿಸಿದ್ದಿಲ್ಲ. ಅವರಿಗೆ ಅದು ಗೊತ್ತೇ ಇರಲಿಲ್ಲ.

ಮೌಖಿಕ ಪರೀಕ್ಷೆ ನನ್ನ ನೆನಪಿನಲ್ಲಿರುವುದು ಹೀಗೆ. ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು, "ಮಾರ್ಗದರ್ಶಕರ ವಾದವೇ ತಪ್ಪು ಎಂದು ಬರೆದಿದ್ದೀರಿ. ಅವರು ಇಲ್ಲೇ ಕೂತಿದ್ದಾರಲ್ಲ?" ಎಂದು ಕೇಳಿದರು. ಜಲಜಾ ಹೆದರಿ ನನ್ನ ಕಡೆ ನೋಡಿದಳು. ನಾನು "ಅವಳು ಹೇಳಿದ್ದು ಸರಿ" ಎಂದೆ. ಅವಳಿಗೆ ಒಳ್ಳೆಯ ಅಂಕ ಬಂತು. ಎಂ.ಎ. ಸೀಟೂ ಸಿಕ್ಕಿತು.

ಈ ಕಥೆಯನ್ನು ಎಷ್ಟು ಜನ ಹೊಸ ಅಧ್ಯಾಪಕರಿಗೆ ಹೇಳಿದ್ದೇನೋ. ನಿವೃತ್ತಿಯ ದಿನವೂ ಹೇಳಿದೆ. ಆ ಹೊತ್ತಿಗೆ ಮಕ್ಕಳು ಇಂಟರ್ನೆಟ್ಟಿನಿಂದ ಪುಟಗಟ್ಟಲೆ ಎತ್ತಿ ತರುತ್ತಿದ್ದರು. ನಮ್ಮ ಕಡಲತೀರದ ಬಗ್ಗೆ ಬರೆ ಎಂದರೆ ಯಾವುದೋ ರಾಜ್ಯದ ಚಂಡಮಾರುತ ಬಂದು ಬೀಳುತ್ತಿತ್ತು. ಅದನ್ನು ಬೈಯುತ್ತಾ, ಹಿಂದಿನವರು ಗುರುಗಳನ್ನೇ ಎದುರಿಸಿ ಬರೆಯುತ್ತಿದ್ದರು, ಗುರುಗಳೂ ಒಪ್ಪುತ್ತಿದ್ದರು ಎಂದು ನನ್ನನ್ನೇ ಉದಾಹರಣೆ ಕೊಡುತ್ತಿದ್ದೆ.

ಜಲಜಾ ಈಗ ಬ್ರಹ್ಮಾವರ ಕಡೆಯ ಒಂದು ಕಾಲೇಜಿನಲ್ಲಿ ಅಧ್ಯಾಪಕಿ. ನಾನು ನಿವೃತ್ತನಾದ ಮರುವರ್ಷ, ಪ್ರಬಂಧ ಬರೆಯುವ ಬಗ್ಗೆ ಅವಳ ಮಕ್ಕಳಿಗೆ ಮಾತಾಡಲು ಕರೆದಳು. ಹೋದೆ. ಕಥೆ ಹೇಳಿದೆ. "ಅವಳು ಹೇಳಿದ್ದು ಸರಿ" ಎಂಬಲ್ಲಿ ಚಪ್ಪಾಳೆ ಬಿತ್ತು. ಆಮೇಲೆ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಟೀ ಕುಡಿಯುತ್ತಿದ್ದಾಗ ಅವಳು ಮೆಲ್ಲಗೆ ಹೇಳಿದಳು:

"ಸರ್, ನೀವ್ ಹಂಗ್ ಹೇಳ್ಲಿಲ್ಲೆ."

"ಏನು?"

"ಪರೀಕ್ಷಕರ್ ಕೇಂಡದ್ದ್ ನನ್ ಹತ್ರ. ನಾನ್ ಬಾಯಿ ಬಿಡೂಕ್ ಮೊದ್ಲೇ ನೀವ್ 'ತಡಿ ಕಾಂಬ, ಅದ್ ಹಂಗಲ್ಲ' ಅಂತ ಶುರು ಮಾಡ್ದ್ರಿ. ನಿಲ್ಲಿಸ್ಲೇ ಇಲ್ಲೆ. ಅವ್ರ್ ಪೆನ್ ಕೆಳ್ಗ್ ಇಟ್ಟ್ ಕಾಂತಾ ಕೂಕಂಡ್ರ್."

ನಾನು ನಂಬಲಿಲ್ಲ. ಅವಳ ಮುಂದೆಯೇ ಐತಾಳರಿಗೆ ಫೋನ್ ಮಾಡಿ, ಆ ದಿನ ನಾನು ಅವಳ ವಾದ ಒಪ್ಪಿಕೊಂಡೆನಲ್ಲ ಎಂದು ಕೇಳಿದೆ. ವಯಸ್ಸಾಗಿದ್ದರೂ ಅವರ ಸ್ವರ ಗಟ್ಟಿಯಾಗಿತ್ತು. ಪಕ್ಕದಲ್ಲಿದ್ದ ಅವಳಿಗೂ ಕೇಳಿಸಿತು.

"ನೀವಾ? ಒಪ್ಕಂಡದ್ದಾ? ಎಂತ ಮಾರಾಯ್ರೆ, ನಾನ್ ಹೊರ್ಗ್ ವರಾಂಡದಗೆ ಇದ್ದೆ. ಸರದಿಗೆ ನಿಂತ ಮಕ್ಳೆಲ್ಲ ಹೆದ್ರಿ ಹೋಯಿದ್ರ್, ನಮ್ಗೂ ಹಿಂಗೇ ಮಾಡುದಾ ಅಂತ!"

ಫೋನ್ ಇಟ್ಟೆ. ಜಲಜಾ ನಗುತ್ತಿದ್ದಳು. "ಸಾಕ್ಷಿ ಸಾಕಾಯ್ತಾ ಸರ್?"

"ಮತ್ತೆ ನಿನಗೆ ಅಂಕ ಹೇಗೆ ಬಂತು?"

"ನಿಮ್ಮದ್ ಮುಗುದ್ ಮೇಲೆ ಪರೀಕ್ಷಕರ್ ನಂಗ್ ಹೇಳ್ರ್, 'ಅವರು ಈಗ ಹೇಳಿದ್ದನ್ನು ಮೊದಲು ಹೇಳಿ, ಆಮೇಲೆ ಉತ್ತರ ಕೊಡಿ' ಅಂತ. ನೀವೇ ಕಲ್ಸಿದ್ದಲ್ದಾ ಅದ್? ಹೇಳ್ದೆ. ಆಗ ನೀವ್ ಒಂದ್ಸಲ ತಲೆ ಆಡ್ಸಿದ್ರಿ. ನಿಮ್ಮ್ ವಾದ ನಾನ್ ಸರಿಗ್ ಹೇಳಿದೆ ಅಂತ. ಅಷ್ಟೇ ಸರ್ ನೀವ್ ಒಪ್ಪಿದ್ದ್. ಅದ್ ಕಂಡ್ ನಂಗ್ ಧೈರ್ಯ ಬಂತ್. ಆಮೇಲೆ ಉತ್ತರ ಕೊಟ್ಟೆ. ನೀವ್ ಸುಮ್ನೆ ಬಿಟ್ಕೊಟ್ಟಿದ್ರೆ ನಾನ್ ಅಷ್ಟ್ ಮಾತಾಡ್ತಿರ್ಲಿಲ್ಲೆ."

ಟೀ ತಣ್ಣಗಾಗಿತ್ತು. ನನ್ನ ಮಾತನ್ನು ಅವಳು ಸರಿಯಾಗಿ ಹೇಳಿದಳು ಎಂದು ಆಡಿಸಿದ ತಲೆಯನ್ನು ನಾನು, ಅವಳ ಮಾತು ಸರಿ ಎಂದು ಒಪ್ಪಿದ ದೊಡ್ಡತನವಾಗಿ ಬೆಳೆಸಿ, ಇಷ್ಟು ವರ್ಷ ಊರೆಲ್ಲ ಹಂಚಿದ್ದೆ. ವಿದ್ಯಾರ್ಥಿಯ ಜೊತೆ ವಾದ ಮಾಡಿದ್ದಕ್ಕೆ ನಾಚಿಕೆಯಿಲ್ಲ. ನೀವೂ ಮಾಡಿ, ಜೋರಾಗಿಯೇ ಮಾಡಿ. ಆದರೆ ಸಹಿ ತಡೆಯಬೇಡಿ. ಸೋತದ್ದನ್ನು ಸೋತೆ ಎಂದು ಅದೇ ದಿನ ಹೇಳಿಬಿಡಿ, ಇಲ್ಲದಿದ್ದರೆ ನಿಮ್ಮ ನೆನಪು ಅದನ್ನು ಉದಾರತೆ ಮಾಡಿಬಿಡುತ್ತದೆ.

ಜಲಜಾ ನನ್ನ ಮುಖ ನೋಡುತ್ತಿದ್ದಳು. ಅವಳ ವಾದ ಸರಿ ಎಂದು ಅವಳ ಎದುರು ನಾನು ಒಮ್ಮೆಯೂ ಹೇಳಿರಲಿಲ್ಲ ಎಂಬುದು ಆಗ ಹೊಳೆಯಿತು.

"ನೀನು ಬರೆದದ್ದು ಸರಿ, ಜಲಜಾ. ನಾನು ಬರೆದದ್ದು ತಪ್ಪು."

"ಈಗ ಎಂತಕೆ ಸರ್ ಅದೆಲ್ಲ," ಎಂದು ಅವಳು ಎರಡೂ ಲೋಟ ಎತ್ತಿಕೊಂಡು ತೊಳೆಯಲು ಹೋದಳು. ಬರುವುದು ಸ್ವಲ್ಪ ತಡವಾಯಿತು.